ಬೈಪಾಸ್ ಮುಗಿದ ಮೇಲೆ, ಎದೆ ಮುಚ್ಚುವ ಮುನ್ನ ಗ್ರಾಫ್ಟ್‌ಗಳನ್ನು ಪರೀಕ್ಷಿಸುತ್ತಾರೆಯೇ?

ಪ್ರಶ್ನೆ (ಕರಾವಳಿಯವ):
ನಮಸ್ಕಾರ. 68 ವರ್ಷದ ನನ್ನ ತಂದೆಯವರಿಗೆ ಹೃದಯದ ಮೂರು ರಕ್ತನಾಳಗಳಲ್ಲಿ ತಡೆ ಇದ್ದು, ಮುಂದಿನ ತಿಂಗಳು ಬೈಪಾಸ್ ಶಸ್ತ್ರಚಿಕಿತ್ಸೆ ನಿಶ್ಚಯವಾಗಿದೆ. ಸ್ಟೆಂಟ್ ಹಾಕುವವರು ಹಾಕಿದೊಡನೆ ಪರದೆಯ ಮೇಲೆ ರಕ್ತದ ಹರಿವನ್ನು ನೋಡಿಯೇ ಕೆಲಸ ಮುಗಿಸುತ್ತಾರೆ. ಬೈಪಾಸ್‌ನಲ್ಲಿ ಹೊಸದಾಗಿ ಜೋಡಿಸಿದ ನಾಳಗಳನ್ನು, ಅಂದರೆ ಗ್ರಾಫ್ಟ್‌ಗಳನ್ನು, ಹಾಗೆ ನೋಡುವ ಕ್ರಮವಿದೆಯೇ? ಥಿಯೇಟರ್‌ನಲ್ಲೇ ಆಂಜಿಯೋಗ್ರಾಂ ಮಾಡುವ ಸೌಲಭ್ಯವಿರುವ ಆಸ್ಪತ್ರೆಯನ್ನೇ ಹುಡುಕಬೇಕೇ? ಅವರ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸವನ್ನು ಸೂಚಿಸುವ ರಕ್ತದ ಅಂಶ) ಸ್ವಲ್ಪ ಹೆಚ್ಚಿದೆ ಎಂಬುದನ್ನೂ ತಿಳಿಸಬೇಕು.

ಉತ್ತರ 1 (ಅರಿವಳಿಕೆ ವೈದ್ಯ):
ಪರೀಕ್ಷಿಸುವ ಕ್ರಮವಿದೆ, ಆದರೆ ಬಹುತೇಕ ಕಡೆ ಅದು ಚಿತ್ರದಿಂದಲ್ಲ, ಅಳತೆಯಿಂದ. ಗ್ರಾಫ್ಟ್ ಅನ್ನು ಒಂದು ಪುಟ್ಟ ಪ್ರೋಬ್‌ನೊಳಗೆ ಕೂರಿಸಿದರೆ, ಅಲ್ಟ್ರಾಸೌಂಡ್ ತರಂಗವು ರಕ್ತದ ಹರಿವಿನ ಜೊತೆಗೆ ಸಾಗಲು ಮತ್ತು ಎದುರಾಗಿ ಸಾಗಲು ತೆಗೆದುಕೊಳ್ಳುವ ಸಮಯದ ವ್ಯತ್ಯಾಸದಿಂದ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತ ಹೋಗುತ್ತಿದೆ ಎಂಬುದು ತಿಳಿಯುತ್ತದೆ. ಹರಿವು 20ಕ್ಕಿಂತ ಕಡಿಮೆಯಿದ್ದು, ಏರಿಳಿತವನ್ನು ಸೂಚಿಸುವ ಪಲ್ಸಟಿಲಿಟಿ ಸೂಚ್ಯಂಕ 5ನ್ನು ಮೀರಿದ್ದರೆ ಜೋಡಣೆಯನ್ನು ಮತ್ತೊಮ್ಮೆ ನೋಡಬೇಕಾಗುತ್ತದೆ. ಇದಕ್ಕೆ ಬೇಕಾಗುವುದು ಕೆಲವೇ ನಿಮಿಷ. ಯುರೋಪಿನ ಹೃದ್ರೋಗ ಮತ್ತು ಹೃದಯ ಶಸ್ತ್ರಚಿಕಿತ್ಸಾ ಸಂಘಗಳ 2018ರ ಮಾರ್ಗಸೂಚಿಯೂ ಹರಿವಿನ ಅಳತೆಯನ್ನು ವಾಡಿಕೆಯಾಗಿ ಮಾಡುವುದನ್ನು ಪರಿಗಣಿಸಬೇಕೆನ್ನುತ್ತದೆ.

ಆದರೆ ಸಂಖ್ಯೆ ಕಡಿಮೆ ಬಂದ ಮಾತ್ರಕ್ಕೆ ಹೊಲಿಗೆ ಕೆಟ್ಟಿದೆ ಎಂದು ತೀರ್ಮಾನಿಸುವಂತಿಲ್ಲ. ನಾಳ ಸೆಳೆತಕ್ಕೊಳಗಾಗಿರಬಹುದು, ರಕ್ತದೊತ್ತಡ ಇಳಿದಿರಬಹುದು, ಇಲ್ಲವೇ ಮೂಲ ನಾಳದ ತಡೆ ಅಷ್ಟು ತೀವ್ರವಾಗಿಲ್ಲದೆ ಅಲ್ಲಿಯ ರಕ್ತವೇ ಗ್ರಾಫ್ಟ್‌ನ ಹರಿವಿಗೆ ಪೈಪೋಟಿ ಕೊಡುತ್ತಿರಬಹುದು.

ಉತ್ತರ 2 (ಹೈಬ್ರಿಡ್ ಥಿಯೇಟರ್‌ನಲ್ಲಿ ದುಡಿದವನು):
ಹೈಬ್ರಿಡ್ ಥಿಯೇಟರ್, ಅಂದರೆ ಶಸ್ತ್ರಚಿಕಿತ್ಸೆ ಮತ್ತು ಆಂಜಿಯೋಗ್ರಾಂ ಎರಡನ್ನೂ ಮಾಡಬಹುದಾದ ಕೊಠಡಿಯಲ್ಲಿನ ಆಂಜಿಯೋಗ್ರಾಂ ಕುರಿತು ಹೇಳುತ್ತೇನೆ. ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ತಂಡವು 366 ರೋಗಿಗಳ 796 ಗ್ರಾಫ್ಟ್‌ಗಳನ್ನು ಥಿಯೇಟರ್‌ನಲ್ಲೇ ಆಂಜಿಯೋಗ್ರಾಂ ಮೂಲಕ ಪರೀಕ್ಷಿಸಿ, 2009ರಲ್ಲಿ ಫಲಿತಾಂಶ ಪ್ರಕಟಿಸಿತು. 97 ಗ್ರಾಫ್ಟ್‌ಗಳಲ್ಲಿ, ಅಂದರೆ ಶೇ. 12ರಷ್ಟರಲ್ಲಿ, ದೋಷ ಕಂಡಿತ್ತು. ಅವುಗಳಲ್ಲಿ ಸುಮಾರು ಅರ್ಧದಷ್ಟನ್ನು ಕ್ಯಾತಿಟರ್ (ನಾಳದೊಳಗೆ ತೂರಿಸುವ ತೆಳು ಕೊಳವೆ) ಮೂಲಕ, ಉಳಿದವನ್ನು ಗ್ರಾಫ್ಟ್‌ನ ಸಣ್ಣ ಹೊಂದಾಣಿಕೆಯಿಂದ ಅಥವಾ ಮರುಹೊಲಿಗೆಯಿಂದ ಸರಿಪಡಿಸಿದರು. ನಾನು ಈ ವಿಧಾನದ ಪಕ್ಷಪಾತಿಯೇ ಆದರೂ ಒಂದು ಮಾತು ಒಪ್ಪಬೇಕು: ಆ ಅಧ್ಯಯನದಲ್ಲಿ ಹೋಲಿಕೆಗಾಗಿ ಪರೀಕ್ಷೆಯಿಲ್ಲದ ಗುಂಪೊಂದು ಇರಲಿಲ್ಲ. ಕಂಡ ದೋಷಗಳಲ್ಲಿ ಯಾವುದು ತಾನಾಗಿ ಸರಿಹೋಗುತ್ತಿತ್ತು, ಯಾವುದು ನಿಜಕ್ಕೂ ಅಪಾಯಕಾರಿಯಾಗುತ್ತಿತ್ತು ಎಂದು ಅದರಿಂದ ಬೇರ್ಪಡಿಸಲಾಗದು. ಅಲ್ಲದೆ ಇಂಥ ಕೊಠಡಿ ದುಬಾರಿ, ವಿಕಿರಣವಿದೆ, ಮೂತ್ರಪಿಂಡಕ್ಕೆ ಹೊರೆಯಾಗಬಹುದಾದ ಬಣ್ಣದ ದ್ರವವೂ ದೇಹಕ್ಕೆ ಹೋಗುತ್ತದೆ. ಕ್ರಿಯಾಟಿನಿನ್ ಹೆಚ್ಚಿರುವವರಲ್ಲಿ ನಾನೇ ಹಿಂಜರಿಯುತ್ತೇನೆ.

ಉತ್ತರ 3 (ಬಯೋಮೆಡಿಕಲ್ ಎಂಜಿನಿಯರ್):
ಮೂತ್ರಪಿಂಡಕ್ಕೆ ಹೊರೆಯಾಗದ ಎರಡು ದಾರಿಗಳನ್ನು ಸೇರಿಸುತ್ತೇನೆ. ಇಂಡೋಸಯನಿನ್ ಗ್ರೀನ್ ಎಂಬ ಬಣ್ಣವನ್ನು ಚುಚ್ಚಿ, ಅತಿಗೆಂಪು ಬೆಳಕಿನ ಕ್ಯಾಮೆರಾದಲ್ಲಿ ಗ್ರಾಫ್ಟ್ ಹೊಳೆಯುವುದನ್ನು ನೋಡುವುದು ಒಂದು. ಈ ಬಣ್ಣ ಯಕೃತ್ತಿನ ಮೂಲಕ ಹೊರಹೋಗುತ್ತದೆ. ಆದರೆ ಬೆಳಕು ಕೆಲವೇ ಮಿಲಿಮೀಟರ್ ಆಳಕ್ಕೆ ಇಳಿಯುವುದರಿಂದ ಕೊಬ್ಬಿನಡಿ ಅಥವಾ ಹೃದಯಸ್ನಾಯುವಿನೊಳಗೆ ಹುದುಗಿದ ನಾಳ ಸ್ಪಷ್ಟವಾಗಿ ಕಾಣದು. ಎರಡನೆಯದು ಹೃದಯದ ಮೇಲ್ಮೈಗೇ ಇಟ್ಟು ನೋಡುವ ಅಧಿಕ ಆವರ್ತನದ ಅಲ್ಟ್ರಾಸೌಂಡ್. ನನಗೆ ಹೆಚ್ಚು ಮೆಚ್ಚುಗೆಯಾಗುವುದು ಇದೇ, ಏಕೆಂದರೆ ಹೊಲಿಗೆಯ ಒಳಬಾಯಿ ಎಷ್ಟು ತೆರೆದಿದೆಯೆಂದು ತೋರಿಸುವುದಲ್ಲದೆ, ಸ್ನಾಯುವಿನೊಳಗೆ ಅಡಗಿದ ನಾಳವನ್ನು ಕೊಯ್ಯುವ ಮೊದಲೇ ಪತ್ತೆಹಚ್ಚಲೂ ಅದು ನೆರವಾಗುತ್ತದೆ. ಬಡಿಯುತ್ತಿರುವ ಹೃದಯದ ಮೇಲೆ ಪ್ರೋಬ್ ಹಿಡಿಯಲು ಮಾತ್ರ ಪಳಗಿದ ಕೈ ಬೇಕು.

ಕರಾವಳಿಯವ:
ಎಲ್ಲರಿಗೂ ಧನ್ಯವಾದಗಳು. ಹಾಗಾದರೆ ನಾವು ವೈದ್ಯರಲ್ಲಿ ಏನೆಂದು ವಿಚಾರಿಸುವುದು ಸೂಕ್ತ?

ಉತ್ತರ 1 (ಅರಿವಳಿಕೆ ವೈದ್ಯ):
ಯಾವ ಯಂತ್ರವಿದೆ ಎಂದು ಕೇಳುವುದಕ್ಕಿಂತ, ಪ್ರತಿ ಗ್ರಾಫ್ಟ್‌ನ ಹರಿವನ್ನು ಅಳೆದು ದಾಖಲಿಸುತ್ತಾರೆಯೇ ಎಂದು ಕೇಳಿ. ಅಳತೆ ಸಂಶಯಾಸ್ಪದವಾದರೆ ಮುಂದಿನ ಹೆಜ್ಜೆ ಏನು ಎಂಬುದನ್ನೂ ವಿಚಾರಿಸಿ. ಇದಕ್ಕೆ ಸ್ಪಷ್ಟ ಉತ್ತರ ಸಿಕ್ಕರೆ, ಹೈಬ್ರಿಡ್ ಥಿಯೇಟರ್ ಇಲ್ಲವೆಂಬ ಒಂದೇ ಕಾರಣಕ್ಕೆ ಆಸ್ಪತ್ರೆ ಬದಲಾಯಿಸಬೇಕಾಗಿಲ್ಲ. ಕ್ರಿಯಾಟಿನಿನ್ ವಿಷಯವನ್ನು ಶಸ್ತ್ರಚಿಕಿತ್ಸಕರಿಗೂ ಅರಿವಳಿಕೆ ವೈದ್ಯರಿಗೂ ಮುಂಚಿತವಾಗಿಯೇ ತಿಳಿಸಿರಿ.