ಷೆಯೋಲ್, ಹೇಡೀಸ್, ಗೆಹೆನ್ನಾ: ಮೂರೂ ನರಕವೇ?

ಪ್ರಶ್ನೆ:
ಯೋಸೇಫ ಸತ್ತನೆಂದು ನಂಬಿದ ಯಾಕೋಬ, ಗೋಳಾಡುತ್ತಲೇ ಷೆಯೋಲ್‌ಗೆ ಇಳಿದು ಮಗನನ್ನು ಸೇರುತ್ತೇನೆ ಅನ್ನುತ್ತಾನೆ (ಆದಿಕಾಂಡ 37:35). ಅನುವಾದಗಳಲ್ಲಿ ಈ ಹೀಬ್ರೂ ಪದ ಒಂದು ಕಡೆ ‘ಪಾತಾಳ’, ಇನ್ನೊಂದು ಕಡೆ ‘ಸಮಾಧಿ’. ಮತ್ತಾಯ 5:22ರಲ್ಲಿ ಯೇಸು ಹೇಳುವ ಬೆಂಕಿಯ ನರಕವೂ ಇದೇನಾ? ಹಾಗಿದ್ದರೆ ಯಾಕೋಬನಂಥವನು ಅಲ್ಲಿಗೇಕೆ ಹೋಗಬೇಕು? ಅಧ್ಯಯನದ ಗುಂಪಿಗೆ ಇದನ್ನು ವಿವರಿಸಬೇಕಿದೆ.

ಉತ್ತರ 1:
ಎರಡೂ ಬೇರೆ ಬೇರೆ. ಹೀಬ್ರೂ ಗ್ರಂಥದಲ್ಲಿ ಸುಮಾರು 65 ಸಲ ಬರುವ ಷೆಯೋಲ್, ಒಳ್ಳೆಯವರು ಕೆಟ್ಟವರು ಎನ್ನದೆ ಸತ್ತವರೆಲ್ಲ ಸೇರುವ ತಾಣ. ಅಲ್ಲಿ ಕೆಲಸವಿಲ್ಲ, ಯೋಚನೆಯಿಲ್ಲ, ತಿಳುವಳಿಕೆಯಿಲ್ಲ ಎನ್ನುತ್ತದೆ ಪ್ರಸಂಗಿ 9:10. ಆ ವಚನದಲ್ಲಿ ಬೆಂಕಿಯ ಮಾತೇ ಇಲ್ಲ. ಗ್ರೀಕಿಗೆ ಬಂದಾಗ ಇದು ಹೇಡೀಸ್ ಆಯಿತು.

ಯೇಸು ಹೇಳುವ ಬೆಂಕಿಯ ನರಕಕ್ಕಿರುವ ಗ್ರೀಕ್ ಪದ ಗೆಹೆನ್ನಾ. ಅದು ಹೊಸ ಒಡಂಬಡಿಕೆಯಲ್ಲಿ 12 ಸಲ ಬರುತ್ತದೆ. ಅದರಲ್ಲಿ 11 ಸಲ ಯೇಸುವಿನ ಮಾತಲ್ಲೇ, ಉಳಿದ ಒಂದು ಯಾಕೋಬನ (ಆದಿಕಾಂಡದ ಯಾಕೋಬನಲ್ಲ) ಪತ್ರಿಕೆ 3:6ರಲ್ಲಿ. ಮತ್ತಾಯ 5:22ರಲ್ಲಿರುವುದು ಈ ಪದ. 1611ರ ಇಂಗ್ಲಿಷ್ ಅನುವಾದ ಷೆಯೋಲ್‌ಗೂ ಹಲವೆಡೆ ನರಕದ ಪದವನ್ನೇ ಹಾಕಿತು. ಇಂದಿನ ಗೊಂದಲದ ದೊಡ್ಡ ಪಾಲು ಅಲ್ಲಿಂದ ಬಂದದ್ದು.

ಬೈಬಲಿನ ಮೂಲಪದಗಳಿಗೆ ಸಂಖ್ಯೆ ಕೊಟ್ಟಿರುವ ಸ್ಟ್ರಾಂಗ್ಸ್ ಪದಸೂಚಿ ತೆರೆದು ಹೀಬ್ರೂ 7585 (ಷೆಯೋಲ್), ಗ್ರೀಕ್ 86 (ಹೇಡೀಸ್), ಗ್ರೀಕ್ 1067 (ಗೆಹೆನ್ನಾ) ನೋಡಿ, ವಚನಗಳನ್ನು ಮೂರು ಪಟ್ಟಿ ಮಾಡಿಸಿ. ಆಮೇಲೆ ಪ್ರಕಟನೆ 20:14 ಓದಿಸಿ: ಹೇಡೀಸನ್ನೇ ಬೆಂಕಿಯ ಕೆರೆಗೆ ಎಸೆಯಲಾಗುತ್ತದೆ. ಹೇಡೀಸೇ ಕೊನೆಯ ನರಕವಾಗಿದ್ದರೆ ಅದನ್ನು ಎಸೆಯುವುದೆಲ್ಲಿಗೆ?

ಉತ್ತರ 2:
ಮೇಲಿನದಕ್ಕೆ ಒಂದು ಸೇರ್ಪಡೆ. ಲೂಕ 16ರ ಕಥೆಯಲ್ಲಿ ಐಶ್ವರ್ಯವಂತ ಸತ್ತ ಮೇಲೆ ಯಾತನೆಪಡುವುದು ಹೇಡೀಸ್‌ನಲ್ಲೇ, ಅಲ್ಲಿ ಉರಿಯೂ ಇದೆ. ಹಾಗಾಗಿ ‘ಹೇಡೀಸ್ ಎಂದರೆ ಬರೀ ಸಮಾಧಿ’ ಎಂದು ಹೇಳಿಬಿಡಬೇಡಿ. ಆದರೆ ಅವನ ಐವರು ಸಹೋದರರು ಇನ್ನೂ ಬದುಕಿದ್ದಾರೆ, ಅಂತಿಮ ತೀರ್ಪು ಆಗಿಲ್ಲ. ಆ ಕಥೆಯನ್ನು ಸಾಮ್ಯವೆಂದು (ದೃಷ್ಟಾಂತವೆಂದು) ಓದುವವರು ಆ ವಿವರಗಳಿಂದ ಪರಲೋಕದ ನಕ್ಷೆ ಬರೆಯಬಾರದು ಅನ್ನುತ್ತಾರೆ. ನನಗೂ ಅದೇ ಸರಿ ಅನ್ನಿಸುತ್ತದೆ.

ಇನ್ನೊಂದು: ಗೆಹೆನ್ನಾ ಯೆರೂಸಲೇಮಿನ ಕಸ ಸುಡುವ ತಿಪ್ಪೆ ಎಂದು ಪ್ರಸಂಗಗಳಲ್ಲಿ ಕೇಳುತ್ತೇವಲ್ಲ, ಅದಕ್ಕೆ ಯೇಸುವಿನ ಕಾಲದ ಯಾವ ಬರಹದ ಆಧಾರವೂ ಸಿಕ್ಕಿಲ್ಲ. ಸುಮಾರು 1200ರ ಹೊತ್ತಿಗೆ ರಬ್ಬಿ ದಾವಿದ್ ಕಿಮ್ಹಿ 27ನೇ ಕೀರ್ತನೆಯ ವ್ಯಾಖ್ಯಾನದಲ್ಲಿ ಹಾಗೆ ಬರೆದರು. ಗಟ್ಟಿ ಆಧಾರ ಯೆರೆಮೀಯ 7:31–32: ಗೆಹೆನ್ನಾ ಎಂಬ ಹೆಸರಿನ ಮೂಲವಾದ ಹಿನ್ನೋಮ್ ಕಣಿವೆಯಲ್ಲಿ ಮಕ್ಕಳನ್ನು ಬೆಂಕಿಗೆ ಬಲಿಕೊಟ್ಟರು, ಆದ್ದರಿಂದ ಅದು ‘ಸಂಹಾರದ ಕಣಿವೆ’ ಆಗುತ್ತದೆ. ಕಸಕ್ಕಿಂತ ಎಷ್ಟೋ ಭಯಂಕರವಾದ ನೆನಪು ಅದು.

ಪ್ರಶ್ನೆ ಕೇಳಿದವರು:
ಧನ್ಯವಾದ. ಗೆಹೆನ್ನಾದ ಶಿಕ್ಷೆ ಎಂದೆಂದಿಗೂ ಇರುತ್ತದೆಯೇ ಎಂದು ಗುಂಪಿನಲ್ಲಿ ಖಂಡಿತ ಕೇಳುತ್ತಾರೆ.

ಉತ್ತರ 3:
ಪದಪಟ್ಟಿಯಿಂದ ಅದು ಬಗೆಹರಿಯುವುದಿಲ್ಲ. ಮತ್ತಾಯ 25:46ರಲ್ಲಿ ಜೀವಕ್ಕೂ ದಂಡನೆಗೂ ಒಂದೇ ವಿಶೇಷಣ, ‘ನಿತ್ಯ’ ಎಂದು ಅನುವಾದಿಸುವ ಗ್ರೀಕ್ ಪದ ಅಯೋನಿಯೊಸ್. ಜೀವ ನಿತ್ಯವಾದರೆ ದಂಡನೆಯೂ ನಿತ್ಯ ಎಂದು ಪ್ರಾಚೀನ ಸಭೆಯ ಬಿಷಪ್ ಅಗಸ್ಟೀನ್ ವಾದಿಸಿದರು. ಕಥೋಲಿಕ ಧರ್ಮೋಪದೇಶದ 1035ನೇ ಕಂಡಿಕೆಯೂ ನಿತ್ಯವೆಂದೇ ಹೇಳಿ, ದೇವರಿಂದ ಅಗಲಿರುವುದೇ ಮುಖ್ಯ ಶಿಕ್ಷೆ ಎನ್ನುತ್ತದೆ.

ದುಷ್ಟರು ಕೊನೆಗೆ ಇಲ್ಲವಾಗುತ್ತಾರೆ ಎನ್ನುವವರು ಮತ್ತಾಯ 10:28ರ ‘ನಾಶ’ವನ್ನು ಹಿಡಿಯುತ್ತಾರೆ. ಜೊತೆಗೆ ಯೂದ 7: ಸೊದೋಮಿಗೆ ಬಿದ್ದದ್ದು ‘ನಿತ್ಯವಾದ ಬೆಂಕಿ’, ಊರು ಈಗ ಉರಿಯುತ್ತಿಲ್ಲ. ಅವರಿಗೆ ಕಷ್ಟ ಕೊಡುವುದು ಪ್ರಕಟನೆ 20:10: ಬೆಂಕಿಯ ಕೆರೆಯ ಯಾತನೆ ಯುಗಯುಗಾಂತರಕ್ಕೂ ಎಂದಿದೆ ಅಲ್ಲಿ. ಎಲ್ಲರೂ ಕಡೆಗೆ ದೇವರ ಬಳಿ ಮರಳುತ್ತಾರೆಂಬ ಮೂರನೆಯ ನಿಲುವು ನಾಲ್ಕನೇ ಶತಮಾನದ ಬಿಷಪ್ ನಿಸ್ಸದ ಗ್ರೆಗರಿಯದು. ಅದು ಕೆಲವರ ಆಶಯವಾಗಿಯೇ ಉಳಿದಿದೆ.

ಗುಂಪಿನಲ್ಲಿ ಪ್ರತಿ ನಿಲುವಿನವರಿಗೂ ಅವರಿಗೆ ಅಡ್ಡಿಯಾಗುವ ವಚನವನ್ನೇ ಮೊದಲು ಕೊಟ್ಟು ಓದಿಸಿ.