ಸೆಲೆನಿಯಂ: ಜಯನಗರ ಪಾಸ್, ಕೋರಮಂಗಲ ಫೇಲ್, ರಾತ್ರಿ ರನ್ ಕೂಡ ಫೇಲ್

ಪ್ರಶ್ನೆ
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಬಡಾವಣೆ ಆರಿಸಿ ಬುಕ್ ಮಾಡುವ ವೆಬ್ ಅಪ್ಲಿಕೇಶನ್. ಸೆಲೆನಿಯಂ 4 (ಬ್ರೌಸರ್ ಅನ್ನು ತಾನೇ ಓಡಿಸಿ ಟೆಸ್ಟ್ ಮಾಡುವ ಸಾಧನ), ಪೈಥಾನ್, ಡಾಕರ್ (ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಪರಿಸರದಲ್ಲಿ ಓಡಿಸುವ ಸಾಧನ) ಒಳಗೆ ಹೆಡ್‌ಲೆಸ್, ಅಂದರೆ ಕಿಟಕಿ ತೆರೆಯದೆ ಓಡುವ ಕ್ರೋಮ್. ಪಟ್ಟಿಯಲ್ಲಿ ಜಯನಗರ, ಹೆಬ್ಬಾಳ ಪಾಸ್ ಆಗುತ್ತೆ. ಕೋರಮಂಗಲ, ಬೊಮ್ಮನಹಳ್ಳಿ ಫೇಲ್. ಲಾಗ್‌ನಲ್ಲಿ ನೋಡಿದರೆ ಟೆಸ್ಟ್‌ನಲ್ಲಿ ಬರೆದದ್ದೂ ಪುಟದಲ್ಲಿ ಬಂದದ್ದೂ, ಎರಡೂ ಕಡೆ ಪದ ಒಂದೇ! ಜೊತೆಗೆ ರಾತ್ರಿ 2 ಗಂಟೆಯ ರನ್‌ನಲ್ಲಿ ರಸೀದಿ ತಾರೀಖು ತಾಳೆಯಾಗಲ್ಲ, ಬೆಳಗ್ಗೆ 10ಕ್ಕೆ ಓಡಿಸಿದರೆ ಸರಿ. ಸ್ಕ್ರೀನ್‌ಶಾಟ್‌ನಲ್ಲಿ ಕನ್ನಡದ ಜಾಗದಲ್ಲೆಲ್ಲ ಬರೀ ಚೌಕ, ಆದರೂ ಟೆಸ್ಟ್ ಪಾಸ್.

ಉತ್ತರ
ತಾರೀಖಿನದು ಸುಲಭ. ಕಂಟೇನರ್ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿದೆ, ನಮ್ಮ ಸಮಯ 5:30 ಗಂಟೆ ಮುಂದೆ. ರಾತ್ರಿ 12ರಿಂದ 5:30ರವರೆಗೆ ನಿಮ್ಮ ಸ್ಕ್ರಿಪ್ಟ್‌ಗೆ ಇನ್ನೂ ನಿನ್ನೆಯೇ. ಸಮಯವಲಯ ಹೇಳುವ ಟಿಝಡ್ ವೇರಿಯೇಬಲ್‌ಗೆ ಏಷ್ಯಾ/ಕೋಲ್ಕತ್ತಾ ಕೊಡಿ. ಡಾಕರ್ ಇಮೇಜ್ (ಕಂಟೇನರ್‌ನ ಅಚ್ಚು) ಸ್ಲಿಮ್, ಅಂದರೆ ಕಿರಿದಾದದ್ದು ಆಗಿದ್ದರೆ ಸಮಯವಲಯಗಳ ಮಾಹಿತಿಯ ಟಿಝಡ್‌ಡೇಟಾ ಇದೆಯೇ ನೋಡಿ.

ಕೋರಮಂಗಲದ್ದು ಯೂನಿಕೋಡ್ (ಅಕ್ಷರಗಳಿಗೆ ಕಂಪ್ಯೂಟರ್ ಬಳಸುವ ಸಂಕೇತ ಪದ್ಧತಿ) ವಿಷಯ. 'ಕೋ' ಬರೆಯಲು ಕ ಜೊತೆ ೋ ಎಂಬ ಒಂದೇ ಚಿಹ್ನೆ ಸಾಕು. ೆ, ೂ, ೕ ಎಂದು ಮೂರಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ, ಸೆಲೆನಿಯಂಗೆ ಬೇರೆ ಬೇರೆ. ಎರಡೂ ಪದಗಳ ಲೆನ್ (ಉದ್ದ) ಪ್ರಿಂಟ್ ಮಾಡಿ: ಒಂದು 7, ಇನ್ನೊಂದು 9 ಬರಬೇಕು. ೀ, ೇ, ೈ, ೊ, ೋ ಇರುವ ಪದಗಳಿಗೆಲ್ಲ ಈ ಕಾಟ ಇದೆ; ಜಯನಗರದಲ್ಲಿ ಇವ್ಯಾವೂ ಇಲ್ಲ, ಅದಕ್ಕೇ ಪಾಸ್. ಹೋಲಿಸುವ ಮೊದಲು ಎರಡೂ ಕಡೆ ಯೂನಿಕೋಡ್‌ಡೇಟಾ ಮಾಡ್ಯೂಲ್‌ನಿಂದ ಎನ್‌ಎಫ್‌ಸಿಗೆ (ಬಿಡಿ ಚಿಹ್ನೆಗಳನ್ನು ಒಂದಾಗಿಸಿದ ರೂಪ) ನಾರ್ಮಲೈಸ್ ಮಾಡಿ, ಅಂದರೆ ಎರಡನ್ನೂ ಒಂದೇ ರೂಪಕ್ಕೆ ತನ್ನಿ.

ಆದರೆ ದಯವಿಟ್ಟು ಅಷ್ಟಕ್ಕೇ ಬಿಡಬೇಡಿ. ಟೆಸ್ಟ್ ಹಿಡಿದದ್ದು ನಿಜವಾದ ಬಗ್ ಇರಬಹುದು: ಬಳಕೆದಾರರು ಒಂದು ರೂಪದಲ್ಲಿ ಟೈಪ್ ಮಾಡಿ, ಡೇಟಾಬೇಸ್‌ನಲ್ಲಿ ಇನ್ನೊಂದು ರೂಪ ಇದ್ದರೆ ಹುಡುಕಾಟದಲ್ಲಿ ಏನೂ ಸಿಗದು. ಸರ್ವರ್‌ನಲ್ಲೂ ಉಳಿಸುವಾಗ, ಹುಡುಕುವಾಗ ನಾರ್ಮಲೈಸ್ ಮಾಡಿಸಿ. ಬಿಡಿಸಿದ ರೂಪವನ್ನೇ ಹುಡುಕಾಟದ ಪೆಟ್ಟಿಗೆಗೆ ಹಾಕುವ ಒಂದು ಟೆಸ್ಟ್ ಬೇರೆ ಇಡಿ.

ಪ್ರಶ್ನೆ ಕೇಳಿದವರು
7 ಮತ್ತು 9, ಸರಿಯಾಗಿ ಹೇಳಿದಿರಿ. ಎರಡೂ ಬಡಾವಣೆ ಪಾಸ್ ಆದವು. 'ಬಿಟಿಎಂ ಲೇಔಟ್' ಮಾತ್ರ ಎನ್‌ಎಫ್‌ಸಿ ಆದಮೇಲೂ ಫೇಲ್, ಉದ್ದದಲ್ಲಿ 1 ವ್ಯತ್ಯಾಸ.

ಉತ್ತರ
ಕೊನೆಯ ಟ್ ಆದಮೇಲೆ ಕಣ್ಣಿಗೆ ಕಾಣದ ಝಡ್‌ಡಬ್ಲ್ಯುಎನ್‌ಜೆ (ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವ ಚಿಹ್ನೆ) ಕೂತಿರಬಹುದು. ಕೆಲವು ಕೀಬೋರ್ಡ್‌ಗಳು ತಾವೇ ಸೇರಿಸುತ್ತವೆ, ಎನ್‌ಎಫ್‌ಸಿ ಅದನ್ನು ತೆಗೆಯುವುದಿಲ್ಲ. ಪದದ ಕೊನೆಯಲ್ಲಿದ್ದರೆ ಮಾತ್ರ ಕತ್ತರಿಸಿ. ಎಲ್ಲ ಕಡೆ ತೆಗೆದರೆ 'ಆರ್‌ಟಿ ನಗರ' ಹೋಗಿ 'ಆರ್ಟಿ ನಗರ' ಆಗುತ್ತದೆ, ಆ ತಪ್ಪನ್ನು ಟೆಸ್ಟ್ ಹಿಡಿಯದು.

ಇನ್ನೊಬ್ಬರ ಉತ್ತರ
ಚೌಕಗಳ ಬಗ್ಗೆ: ಇಮೇಜ್‌ನಲ್ಲಿ ಕನ್ನಡ ಫಾಂಟ್ ಇಲ್ಲ. ಸೆಲೆನಿಯಂ ಪುಟದ ಒಳಗಿನ ಪಠ್ಯ ಓದುತ್ತದೆಯೇ ಹೊರತು ಅಕ್ಷರ ಹೇಗೆ ಮೂಡಿದೆ ಎಂದು ನೋಡುವುದಿಲ್ಲ. ನೋಟೋ ಸಾನ್ಸ್ ಕನ್ನಡ ಹಾಕಿ. ಸ್ಕ್ರೀನ್‌ಶಾಟ್ ಹೋಲಿಕೆ ಇಟ್ಟುಕೊಂಡಿದ್ದರೆ ಹಳೆಯ ಮೂಲ ಚಿತ್ರಗಳನ್ನೆಲ್ಲ ಅಳಿಸಿ; ಇಲ್ಲದಿದ್ದರೆ ಇಷ್ಟು ದಿನ ಚೌಕಕ್ಕೆ ಚೌಕ ಹೋಲಿಸಿ ಪಾಸ್ ಕೊಟ್ಟ ಹಾಗೆಯೇ, ಇನ್ನು ಸರಿಯಾದ ಪುಟವನ್ನು ಫೇಲ್ ಮಾಡುತ್ತದೆ. ಹೊಸ ಚಿತ್ರಗಳನ್ನು ಅದೇ ಕಂಟೇನರ್‌ನಲ್ಲಿ ತೆಗೆದು, ಕನ್ನಡ ಓದಬಲ್ಲವರು ಒಮ್ಮೆ ಕಣ್ಣಾರೆ ನೋಡಿ ಒಪ್ಪಲಿ. ಇಂಗ್ಲಿಷ್‌ಗೆ ಅಳೆದ ಬಟನ್‌ನಲ್ಲಿ 'ಬೊಮ್ಮನಹಳ್ಳಿ'ಯ ಒತ್ತಕ್ಷರಗಳು ಕೆಳಗಡೆ ಕತ್ತರಿಸಿಹೋಗಿರಬಹುದು. ಮೊದಲು ಅಲ್ಲಿ ನೋಡಿ.