ಸಹಾಯ ಬೇಕು: ಯೆಮೆನ್ ಕುಟುಂಬದ ಆಶ್ರಯದ ಅರ್ಜಿಗೆ ವಕೀಲರು ಗೊತ್ತಾ?

ಎಲ್ಲರಿಗೂ ನಮಸ್ಕಾರ. ನಾವು ಹೆಣ್ಣೂರು ಕಡೆಯವರು. ನಮ್ಮ ಮಹಡಿ ಮನೇಲಿ ಯೆಮೆನ್‌ನ ಕುಟುಂಬವೊಂದು ಬಾಡಿಗೆಗಿದೆ. ಮನೆಯ ಯಜಮಾನ 2012ರಲ್ಲಿ ಬಿಸಿಎ ಓದೋಕೆ ಬಂದವರು. ಓದು ಮುಗಿಯೋ ಹೊತ್ತಿಗೆ ಊರಲ್ಲಿ ಯುದ್ಧ. 2014ರ ಸೆಪ್ಟೆಂಬರ್‌ನಲ್ಲಿ ರಾಜಧಾನಿ ಸನಾ ಹೂತಿ ಬಂಡುಕೋರರ ಕೈಗೆ ಹೋಯ್ತು. ವೀಸಾ, ಪಾಸ್‌ಪೋರ್ಟ್ ಎರಡೂ ಮುಗಿದು ವರ್ಷಗಳಾದವು. ಆ ಪಾಸ್‌ಪೋರ್ಟನ್ನು ತೊಳೆದ ಹಾಲಿನ ಕವರಲ್ಲಿ ಸುತ್ತಿ ಅಕ್ಕಿ ಡಬ್ಬದಲ್ಲಿ ಇಟ್ಟಿದ್ದಾರೆ. ಗೇಟ್ ಸದ್ದಾದರೆ ಸಾಕು, ಆತನ ಹೆಂಡತಿ ಮೊದಲು ಆ ಡಬ್ಬದ ಕಡೆ ನೋಡ್ತಾರೆ.

ಮಗಳು ಇಲ್ಲೇ ಹುಟ್ಟಿದ್ದು. ನನ್ನನ್ನು ಅಜ್ಜಿ ಅಂತಾಳೆ, ಜಗಳ ಆಡೋದೂ ಕನ್ನಡದಲ್ಲೇ. ಆದರೆ ಅಪ್ಪ ಅಮ್ಮ ಇಬ್ಬರೂ ವಿದೇಶಿಯರಾದ್ದರಿಂದ ಹುಟ್ಟಿನಿಂದ ಪೌರತ್ವ ಇಲ್ಲ.

ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಆಶ್ರಯಕ್ಕೆಂದೇ ಕಾನೂನೂ ಇಲ್ಲ. ಇಂಥವರ ಅರ್ಜಿ ನೋಡೋದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಯುಎನ್‌ಎಚ್‌ಸಿಆರ್. ಅವರ ಕಾರ್ಡ್ ಸಿಕ್ಕರೂ ವೀಸಾ ಸಿಕ್ಕಂತಲ್ಲ. 1996ರಲ್ಲಿ ಚಕ್ಮಾ ನಿರಾಶ್ರಿತರ ಕೇಸಲ್ಲಿ ಸುಪ್ರೀಂ ಕೋರ್ಟ್, ಜೀವಿಸೋ ಹಕ್ಕು ಕೊಡೋ ಸಂವಿಧಾನದ 21ನೇ ವಿಧಿ ವಿದೇಶಿಯರಿಗೂ ಅನ್ವಯ ಅಂದಿದೆ, ಅದೊಂದೇ ಧೈರ್ಯ.

ಇಂಥ ಫೈಲ್ ನಡೆಸಿರೋ ವಕೀಲರು ಬೆಂಗಳೂರಲ್ಲಿ ಯಾರಾದರೂ ಇದ್ದಾರಾ? ಅರೇಬಿಕ್ ಕಾಗದಗಳನ್ನು ಇಂಗ್ಲಿಷಿಗೆ ಮಾಡಿ ಸೀಲ್ ಹಾಕಿ ಕೊಡೋರೂ ಬೇಕು. ಏಜೆಂಟರು ಮಾತ್ರ ಬೇಡಪ್ಪಾ, ಒಬ್ಬ ಆಗಲೇ ನಲವತ್ತು ಸಾವಿರ ಇಸ್ಕೊಂಡು ಫೋನ್ ಆಫ್ ಮಾಡಿದ್ದಾನೆ. ‘ಯಾಕಮ್ಮಾ ಇಟ್ಕೊಂಡಿದೀರಾ’ ಅನ್ನೋರು ದಯವಿಟ್ಟು ಮುಂದೆ ಹೋಗಿ. ಗೊತ್ತಿರೋರು ನನಗೆ ಇನ್‌ಬಾಕ್ಸ್ ಮಾಡಿ, ಈ ಕುಟುಂಬದವರ ಹೆಸರು ಇಲ್ಲಿ ಹಾಕಲ್ಲ.